ಗ್ಲೋರಿಯಾ ಮೊಲಿನಾ: ‘ಮೊದಲಿಗರು’ ಎಂಬ ಬಿರುದಿನ ಆಚೆ

ಪ್ರಶ್ನೆ: ನಾವು ಹಾಸನದ ಕಡೆಯವರು, ಹಲವು ವರ್ಷಗಳಿಂದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ನೆಲೆಸಿದ್ದೇವೆ. ಅಮೆರಿಕದಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪ್ಯಾನಿಕ್ ಪರಂಪರೆಯ ಮಾಸವನ್ನು ಆಚರಿಸುತ್ತಾರೆ. ಅದರ ಅಂಗವಾಗಿ ಸ್ಥಳೀಯ ಜನಸೇವಕರೊಬ್ಬರನ್ನು ಕುರಿತು ಮಾತನಾಡುವಂತೆ ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಗ್ಲೋರಿಯಾ ಮೊಲಿನಾ ಅವರನ್ನು ಆರಿಸಿಕೊಂಡಿದ್ದಾಳೆ. ಆದರೆ ಎಲ್ಲಿ ಓದಿದರೂ ‘ಮೊದಲ ಲ್ಯಾಟಿನಾ’ ಎಂಬ ಒಂದೇ ಮಾತು ಸಿಗುತ್ತದೆ. ಅದರ ಆಚೆಗೆ ಅವರು ಮಾಡಿದ್ದೇನು? ಗವರ್ನರ್ ಅಲ್ಲ, ಸೆನೆಟರ್ ಅಲ್ಲ; ಕೌಂಟಿ ಮಟ್ಟದ ಒಬ್ಬ ಪ್ರತಿನಿಧಿಯ ಹೆಸರನ್ನು ನಗರದ ನಡುಮಧ್ಯದ ಉದ್ಯಾನಕ್ಕೆ ಇಡುವಷ್ಟು ದೊಡ್ಡ ಕಾರಣ ಏನಿತ್ತು? ಹಿಸ್ಪ್ಯಾನಿಕ್, ಲ್ಯಾಟಿನಾ, ಚಿಕಾನಾ ಎಂಬ ಪದಗಳಲ್ಲಿ ಯಾವುದನ್ನು ಬಳಸುವುದು ಸರಿ?

ಉತ್ತರ: ‘ಕೌಂಟಿ ಮಟ್ಟದ ಒಬ್ಬ ಪ್ರತಿನಿಧಿ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊಲಿನಾ ಅವರ ಬದುಕು ಅರ್ಥವಾಗಬೇಕಾದರೆ ಆ ಹುದ್ದೆಯ ತೂಕ ಮೊದಲು ಅರ್ಥವಾಗಬೇಕು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನರಿದ್ದಾರೆ. ಅದರೊಳಗೆ ಲಾಸ್ ಏಂಜಲೀಸ್ ನಗರವೂ ಸೇರಿ 88 ನಗರಗಳಿವೆ. ಇಷ್ಟು ಜನರ ಸಾರ್ವಜನಿಕ ಆಸ್ಪತ್ರೆ, ಜೈಲು, ಅನಾಥ ಮಕ್ಕಳ ಪಾಲನೆ, ಬಡವರ ನೆರವು ಮೊದಲಾದವುಗಳನ್ನೆಲ್ಲ ನೋಡಿಕೊಳ್ಳುವುದು ಬೋರ್ಡ್ ಆಫ್ ಸೂಪರ್‌ವೈಸರ್ಸ್ ಎಂಬ ಮಂಡಳಿ, ಮತ್ತು ಅದರಲ್ಲಿರುವವರು ಕೇವಲ ಐವರು. ನಮ್ಮಲ್ಲಿ ಸೂಪರ್‌ವೈಸರ್ ಎಂದರೆ ಕೆಲಸಗಾರರ ಮೇಲ್ವಿಚಾರಕನೊಬ್ಬ ಕಣ್ಣಮುಂದೆ ಬರುತ್ತಾನೆ. ಅಲ್ಲಿ ಆ ಪದಕ್ಕೆ ಹೆಚ್ಚುಕಡಿಮೆ ಸಣ್ಣ ರಾಜ್ಯವೊಂದರ ದೊರೆಯ ಅರ್ಥವಿದೆ, ಪತ್ರಿಕೆಗಳು ಇವರನ್ನು ‘ಐದು ಪುಟ್ಟ ರಾಜರು’ ಎಂದು ಕರೆಯುತ್ತಿದ್ದುದರಲ್ಲಿ ಅತಿಶಯವೇನೂ ಇರಲಿಲ್ಲ. ಶಾಸನ ರೂಪಿಸುವ ಅಧಿಕಾರವೂ ಅದನ್ನು ಜಾರಿಗೊಳಿಸುವ ಅಧಿಕಾರವೂ ಅದೇ ಐವರ ಕೈಯಲ್ಲಿತ್ತು. ಮೊಲಿನಾ ಮಂಡಳಿಯಿಂದ ನಿವೃತ್ತರಾದ 2014ರ ಹೊತ್ತಿಗೆ ಆ ಐವರು ನಿರ್ವಹಿಸುತ್ತಿದ್ದ ವಾರ್ಷಿಕ ಬಜೆಟ್ ಸುಮಾರು 2,500 ಕೋಟಿ ಡಾಲರ್.

ಇನ್ನೊಂದು ಸಂಗತಿಯನ್ನು ನಿಮ್ಮ ಮಗಳು ಗಮನಿಸಬೇಕು. ಮೆಕ್ಸಿಕನ್ ಮೂಲದವರೇ ಬಹುಸಂಖ್ಯಾತರಾಗಿರುವ, ಸುಮಾರು 1.2 ಲಕ್ಷ ಜನಸಂಖ್ಯೆಯ ಪೂರ್ವ ಲಾಸ್ ಏಂಜಲೀಸ್, ಹೆಸರಿಗೆ ಊರಾದರೂ ಕಾನೂನಿನ ಪ್ರಕಾರ ನಗರವಲ್ಲ. ಅದಕ್ಕೆ ಮೇಯರ್ ಇಲ್ಲ, ಸಿಟಿ ಕೌನ್ಸಿಲ್ ಇಲ್ಲ. ಬೀದಿಯ ಗುಂಡಿಯಿಂದ ಗ್ರಂಥಾಲಯದವರೆಗೆ ಯಾವ ದೂರಿದ್ದರೂ ಅಲ್ಲಿಯವರು ಹೋಗಬೇಕಾದದ್ದು ಕೌಂಟಿಯ ಸೂಪರ್‌ವೈಸರ್ ಬಳಿಗೆ. ಅಂದರೆ ಅಮೆರಿಕದ ಅತ್ಯಂತ ಹೆಸರಾದ ಮೆಕ್ಸಿಕನ್ ಅಮೆರಿಕನ್ ಬಡಾವಣೆಯೊಂದರ ಮಟ್ಟಿಗೆ ಆ ಐದು ಕುರ್ಚಿಗಳಲ್ಲಿ ಒಂದೇ ಒಂದು ಕುರ್ಚಿ ಸರ್ಕಾರವಾಗಿತ್ತು. ಆ ಕುರ್ಚಿಯಲ್ಲಿ 1875ರಿಂದ 1991ರವರೆಗೆ, ನೂರಾ ಹದಿನಾರು ವರ್ಷಗಳ ಕಾಲ, ಅವರವರೇ ಒಬ್ಬರೂ ಕೂರಲಿಲ್ಲ.

ಕೂರಲಿಲ್ಲ ಎನ್ನುವುದಕ್ಕಿಂತ ಕೂರಲು ಬಿಡಲಿಲ್ಲ ಎನ್ನುವುದೇ ಸರಿ. ಇದು ನನ್ನ ಅಭಿಪ್ರಾಯವಲ್ಲ, ಫೆಡರಲ್ ನ್ಯಾಯಾಲಯದ ತೀರ್ಪು. ‘ಮೊದಲ ಲ್ಯಾಟಿನಾ’ ಎಂಬ ಬಿರುದನ್ನು ಮಾತ್ರ ಹೇಳಿ ನಿಲ್ಲಿಸಿದರೆ ಮುಚ್ಚಿಹೋಗುವುದು ಈ ಕಥೆಯೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1949ರಲ್ಲಿ ಎಡ್ವರ್ಡ್ ರಾಯ್ಬಾಲ್ ಎಂಬವರು ಲಾಸ್ ಏಂಜಲೀಸ್ ಸಿಟಿ ಕೌನ್ಸಿಲ್‌ಗೆ ಆಯ್ಕೆಯಾದರು. ಇವರು ಕ್ಷಯರೋಗ ನಿವಾರಣಾ ಸಂಸ್ಥೆಯಲ್ಲಿ ಆರೋಗ್ಯ ಶಿಕ್ಷಣದ ಕೆಲಸ ಮಾಡಿದ್ದವರು, ಯುದ್ಧದಿಂದ ಮರಳಿದ ಸೈನಿಕ. 1947ರಲ್ಲಿ ಒಮ್ಮೆ ಸೋತು, ಮನೆಮನೆಗೆ ತಿರುಗಿ ಸಾವಿರಾರು ಜನರನ್ನು ಮತದಾರರ ಪಟ್ಟಿಗೆ ಸೇರಿಸಿದ ಸಂಘಟನೆಯ ಬಲದಿಂದ ಎರಡನೇ ಸಲ ಗೆದ್ದರು. 1958ರಲ್ಲಿ ಅವರು ಕೌಂಟಿ ಸೂಪರ್‌ವೈಸರ್ ಸ್ಥಾನಕ್ಕೆ ಸ್ಪರ್ಧಿಸಿದರು. ಮೊದಲ ಎಣಿಕೆಯಲ್ಲಿ ಮುಂದಿದ್ದ ಅವರು ಮರುಎಣಿಕೆಗಳು ಮುಗಿಯುವ ವೇಳೆಗೆ ಅರ್ನೆಸ್ಟ್ ಡೆಬ್ಸ್ ಎದುರು ಸೋತಿದ್ದರು. ಮರುವರ್ಷವೇ, 1959ರಲ್ಲಿ, ಮಂಡಳಿಯು ಕ್ಷೇತ್ರಗಳ ಗಡಿಯನ್ನು ಬದಲಿಸಿತು. ಡೆಬ್ಸ್ ಅವರ ಕ್ಷೇತ್ರ ಬಿಳಿಯರು ಹೆಚ್ಚಾಗಿದ್ದ ಪಶ್ಚಿಮದ ಕಡೆಗೆ ಸರಿಯಿತು. 1965ರಲ್ಲಿ, 1971ರಲ್ಲಿ, ಮತ್ತೆ 1981ರಲ್ಲಿ ಗಡಿ ಬರೆಯುವ ಕೆಲಸ ನಡೆಯಿತು. ಪ್ರತಿಸಲವೂ ಮೆಕ್ಸಿಕನ್ ಮೂಲದ ಜನ ಒತ್ತಾಗಿ ಬದುಕುತ್ತಿದ್ದ ಪೂರ್ವ ಭಾಗ ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹರಿದು ಹಂಚಿಹೋಯಿತು, ಯಾವ ಕ್ಷೇತ್ರದಲ್ಲೂ ಅವರ ಮತ ನಿರ್ಣಾಯಕವಾಗದಷ್ಟು. 1980ರ ಜನಗಣತಿಯಲ್ಲಿ ಕೌಂಟಿಯ ಜನಸಂಖ್ಯೆಯ ಶೇ. 28ರಷ್ಟಿದ್ದ ಹಿಸ್ಪ್ಯಾನಿಕ್ ಸಮುದಾಯ 1990ರಲ್ಲಿ ಶೇ. 38ಕ್ಕೆ ಏರಿತ್ತು, ಮಂಡಳಿಯಲ್ಲಿ ಅವರ ಸಂಖ್ಯೆ ಮಾತ್ರ ಸೊನ್ನೆಯಲ್ಲೇ ಉಳಿಯಿತು.

1988ರಲ್ಲಿ ಮೆಕ್ಸಿಕನ್ ಅಮೆರಿಕನ್ನರ ಕಾನೂನು ನೆರವಿನ ಸಂಸ್ಥೆ ಮಾಲ್ಡೆಫ್ ಮತ್ತು ನಾಗರಿಕ ಸ್ವಾತಂತ್ರ್ಯ ಸಂಘಟನೆಯ ವಕೀಲರು ಕೆಲವು ಮತದಾರರ ಪರವಾಗಿ ಮೊಕದ್ದಮೆ ಹೂಡಿದರು. ಅಮೆರಿಕದ ನ್ಯಾಯ ಇಲಾಖೆಯೂ ಬೇರೆಯಾಗಿ ದಾವೆ ಹೂಡಿತು. ‘ಗಾರ್ಸಾ ವಿರುದ್ಧ ಲಾಸ್ ಏಂಜಲೀಸ್ ಕೌಂಟಿ’ ಎಂದು ಹೆಸರಾದ ಈ ಪ್ರಕರಣದಲ್ಲಿ ನ್ಯಾಯಾಧೀಶ ಡೇವಿಡ್ ಕೆನ್ಯನ್ 1990ರ ಜೂನ್‌ನಲ್ಲಿ ತೀರ್ಪಿತ್ತರು: ಗಡಿ ಬರೆದದ್ದು ಉದ್ದೇಶಪೂರ್ವಕ ತಾರತಮ್ಯ, ಮತದಾನ ಹಕ್ಕು ಕಾಯ್ದೆಯ ಉಲ್ಲಂಘನೆ. ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ತೀರ್ಪಿನಲ್ಲಿ ಒಂದು ಸೂಕ್ಷ್ಮವಿದೆ, ಅದು ಶಾಲಾ ಮಕ್ಕಳಿಗೂ ತಿಳಿಯುವಂಥದ್ದು. ಆ ಐವರು ಮೆಕ್ಸಿಕನ್ನರನ್ನು ದ್ವೇಷಿಸುತ್ತಿದ್ದರು ಎಂದು ನ್ಯಾಯಾಲಯ ಹೇಳಲಿಲ್ಲ. ಅವರ ಮುಖ್ಯ ಗುರಿ ತಮ್ಮ ತಮ್ಮ ಕುರ್ಚಿ ಉಳಿಸಿಕೊಳ್ಳುವುದಾಗಿತ್ತು. ಆ ಗುರಿ ಸಾಧಿಸಲು ಒಂದು ಸಮುದಾಯದ ಮತವನ್ನು ಒಡೆಯಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಒಡೆದರು. ಕಾನೂನಿನ ಕಣ್ಣಿನಲ್ಲಿ ಅಷ್ಟು ಸಾಕು. ತಾರತಮ್ಯಕ್ಕೆ ದ್ವೇಷ ಬೇಕೇ ಬೇಕೆಂದಿಲ್ಲ, ಸ್ವಾರ್ಥವೂ ಅದೇ ಕೆಲಸವನ್ನು ಮಾಡಬಲ್ಲದು ಎಂಬ ಈ ಅಂಶದಿಂದಾಗಿಯೇ ಗಾರ್ಸಾ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಹೀಗೆ ಹೊಸದಾಗಿ ಬರೆದ ಮೊದಲನೆಯ ಕ್ಷೇತ್ರದಲ್ಲಿ 1991ರ ಫೆಬ್ರವರಿ 19ರಂದು ಅಂತಿಮ ಸುತ್ತಿನ ಚುನಾವಣೆ ನಡೆಯಿತು. ಕಣದಲ್ಲಿ ಉಳಿದಿದ್ದ ಇಬ್ಬರೂ ಮೆಕ್ಸಿಕನ್ ಮೂಲದವರು: ರಾಜ್ಯ ಸೆನೆಟರ್ ಆರ್ಟ್ ಟಾರೆಸ್ ಮತ್ತು ಒಂದು ಕಾಲದಲ್ಲಿ ಅವರ ಬಳಿಯೇ ಕೆಲಸ ಮಾಡಿದ್ದ ಗ್ಲೋರಿಯಾ ಮೊಲಿನಾ. ಸುಮಾರು ಶೇ. 55 ಮತ ಪಡೆದು ಮೊಲಿನಾ ಗೆದ್ದರು. ಮಂಡಳಿಗೆ ನೇಮಕಗೊಂಡಿದ್ದ ಮಹಿಳೆ ಒಬ್ಬರಿದ್ದರು, ಆದರೆ ಮತದಾರರಿಂದ ಆಯ್ಕೆಯಾಗಿ ಬಂದ ಮೊದಲ ಮಹಿಳೆ ಇವರೇ. ಅದುವರೆಗೆ ಸಂಪ್ರದಾಯವಾದಿ ಬಣದ ಕೈಯಲ್ಲಿದ್ದ ಮಂಡಳಿಯ ಬಹುಮತವೂ ಆ ಒಂದು ಸ್ಥಾನದಿಂದ ಬದಲಾಯಿತು.

ಈಗ ಅವರ ಹಿನ್ನೆಲೆಗೆ ಬರೋಣ. ಮೊಲಿನಾ ಹುಟ್ಟಿದ್ದು 1948ರ ಮೇ 31ರಂದು; ಬೆಳೆದದ್ದು ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಪಿಕೊ ರಿವೇರಾದಲ್ಲಿ. ಹತ್ತು ಮಕ್ಕಳಲ್ಲಿ ಹಿರಿಯರು. ತಂದೆ ಕಟ್ಟಡ ಕೆಲಸದ ಕೂಲಿ. ತಂದೆಗೆ ಕೆಲಸದಲ್ಲಿ ಪೆಟ್ಟಾದಾಗ ಮಗಳಿಗೆ ಹತ್ತೊಂಬತ್ತು. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ದುಡಿದು ಮನೆ ನಡೆಸುತ್ತಾ ಕಾಲೇಜಿಗೆ ಹೋದರು. ಹಿರಿಯ ಮಗಳ ಬದುಕು ಹೇಗಿರುತ್ತದೆ ಎಂದು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮುಂದೆ ಮಂಡಳಿಯ ಸಭೆಗಳಲ್ಲಿ ಇಲಾಖೆಯ ಮುಖ್ಯಸ್ಥರನ್ನು ಕೂರಿಸಿಕೊಂಡು ಖರ್ಚಿನ ಒಂದೊಂದು ಸಾಲನ್ನೂ ಕೇಳುತ್ತಿದ್ದ ಅವರ ಹಟದ ಬೇರು ಅಲ್ಲಿಯೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಅವರನ್ನು ಸಾರ್ವಜನಿಕ ಬದುಕಿಗೆ ತಂದದ್ದು ಚಿಕಾನೊ ಚಳವಳಿ. ಮೆಕ್ಸಿಕನ್ ಅಮೆರಿಕನ್ ಯುವಜನ ಶಿಕ್ಷಣ, ಭೂಮಿ, ಕೂಲಿ, ವಿಯೆಟ್ನಾಂ ಯುದ್ಧ ಮೊದಲಾದ ವಿಷಯಗಳ ಮೇಲೆ ಬೀದಿಗಿಳಿದ ಕಾಲ ಅದು. ಆದರೆ ಚಳವಳಿಯಲ್ಲಿ ಭಾಷಣ ಗಂಡಸರದ್ದು, ಊಟ ಬಡಿಸುವುದು ಮತ್ತು ಟೈಪ್ ಮಾಡುವುದು ಹೆಂಗಸರದ್ದು ಎಂಬಂತಿತ್ತು. ಇದನ್ನು ಒಪ್ಪದ ಮಹಿಳೆಯರು ಕಟ್ಟಿಕೊಂಡ ಕೊಮಿಸಿಯೋನ್ ಫೆಮೆನಿಲ್ ಎಂಬ ಸಂಘಟನೆಯ ಲಾಸ್ ಏಂಜಲೀಸ್ ಶಾಖೆಗೆ ಮೊಲಿನಾ 1973ರಲ್ಲಿ ಸ್ಥಾಪಕ ಅಧ್ಯಕ್ಷರಾದರು. ಮುಂದೆ ಅದರ ರಾಷ್ಟ್ರೀಯ ಅಧ್ಯಕ್ಷರೂ ಆದರು.

ಆ ಸಂಘಟನೆ ಕೈಗೆತ್ತಿಕೊಂಡ ಒಂದು ವಿಷಯವನ್ನು ನಿಮ್ಮ ಮಗಳ ವಯಸ್ಸು ನೋಡಿಕೊಂಡು ಹೇಳಬೇಕು, ಆದರೆ ಪೂರ್ತಿ ಬಿಡಬಾರದು. ಲಾಸ್ ಏಂಜಲೀಸ್ ಕೌಂಟಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ 1960ರ ದಶಕದ ಕೊನೆ ಮತ್ತು 1970ರ ದಶಕದ ಮೊದಲ ವರ್ಷಗಳಲ್ಲಿ ಹೆರಿಗೆಗೆ ಬಂದ ನೂರಾರು ಮಹಿಳೆಯರಿಗೆ, ಅವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದವರು, ಸರಿಯಾದ ಒಪ್ಪಿಗೆಯಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಹೆರಿಗೆ ನೋವಿನ ನಡುವೆ, ಸಿಸೇರಿಯನ್‌ಗೆ ಒಯ್ಯುವ ಹೊತ್ತಿನಲ್ಲಿ, ತಮಗೆ ಓದಲು ಬಾರದ ಇಂಗ್ಲಿಷ್ ಕಾಗದಕ್ಕೆ ಅವರಿಂದ ಸಹಿ ಹಾಕಿಸಿಕೊಳ್ಳಲಾಯಿತು. ಇನ್ನು ಮಕ್ಕಳಾಗುವುದಿಲ್ಲ ಎಂಬುದು ಕೆಲವರಿಗೆ ತಿಳಿದದ್ದೇ ಎಷ್ಟೋ ಕಾಲದ ಮೇಲೆ. ಹತ್ತು ಮಹಿಳೆಯರು 1975ರಲ್ಲಿ ‘ಮಾದ್ರಿಗಾಲ್ ವಿರುದ್ಧ ಕ್ವಿಲಿಗನ್’ ಎಂಬ ಮೊಕದ್ದಮೆ ಹೂಡಿದರು, ಕೊಮಿಸಿಯೋನ್ ಅವರ ಬೆನ್ನಿಗೆ ನಿಂತಿತು. 1978ರಲ್ಲಿ ತೀರ್ಪು ವೈದ್ಯರ ಪರವಾಗಿ ಬಂತು. ನಡೆದದ್ದು ಭಾಷೆಯ ತೊಡಕಿನಿಂದಾದ ತಪ್ಪು ತಿಳಿವಳಿಕೆ ಎಂಬ ಧಾಟಿಯಲ್ಲಿ ನ್ಯಾಯಾಧೀಶರು ಬರೆದರು. ಮಹಿಳೆಯರು ಸೋತರು. ಆದರೂ ಆ ಹೋರಾಟದ ಒತ್ತಡದಿಂದ ಸ್ಪ್ಯಾನಿಷ್‌ನಲ್ಲಿ ಒಪ್ಪಿಗೆ ಪತ್ರ, ನಿರ್ಧಾರಕ್ಕೆ ಮುನ್ನ ಕಾಲಾವಕಾಶ ಇತ್ಯಾದಿ ನಿಯಮಗಳು ಗಟ್ಟಿಯಾದವು. 1909ರಿಂದಲೂ ಕ್ಯಾಲಿಫೋರ್ನಿಯಾದ ಪುಸ್ತಕದಲ್ಲಿದ್ದ ಬಲವಂತದ ಸಂತಾನಹರಣದ ಕಾನೂನು 1979ರಲ್ಲಿ ರದ್ದಾಯಿತು. ಆ ಮಸೂದೆ ಮಂಡಿಸಿದವರು, ಹನ್ನೆರಡು ವರ್ಷಗಳ ಮೇಲೆ ಮೊಲಿನಾ ಚುನಾವಣೆಯಲ್ಲಿ ಸೋಲಿಸಿದ ಅದೇ ಆರ್ಟ್ ಟಾರೆಸ್. ರಾಜಕೀಯದ ಎದುರಾಳಿಗಳನ್ನು ಖಳನಾಯಕರನ್ನಾಗಿ ಮಾಡಿ ಹೇಳುವ ಚಪಲ ಬರದಿರಲಿ ಎಂದು ಇದನ್ನು ಇಲ್ಲಿ ನೆನಪಿಸಿದೆ.

ಈ ಆಸ್ಪತ್ರೆಯನ್ನು ಮರೆಯಬೇಡಿ, ಮತ್ತೆ ಅಲ್ಲಿಗೇ ಬರುತ್ತೇನೆ. ನಡುವಿನ ವರ್ಷಗಳನ್ನು ಬೇಗ ದಾಟಿಬಿಡೋಣ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾಲದಲ್ಲಿ ಶ್ವೇತಭವನದಲ್ಲಿ ಕೆಲಸ, ಆಮೇಲೆ ಕ್ಯಾಲಿಫೋರ್ನಿಯಾ ವಿಧಾನಸಭೆಯ ಸ್ಪೀಕರ್ ಕಚೇರಿಯಲ್ಲಿ ಹೊಣೆ. 1982ರಲ್ಲಿ ವಿಧಾನಸಭೆಯ ಸ್ಥಾನವೊಂದು ತೆರವಾದಾಗ ಪೂರ್ವ ಲಾಸ್ ಏಂಜಲೀಸ್‌ನ ಪುರುಷ ಮುಖಂಡರು ರಿಚರ್ಡ್ ಪೊಲಾಂಕೊ ಎಂಬವರನ್ನು ನಿಲ್ಲಿಸಲು ತೀರ್ಮಾನಿಸಿದ್ದರು. ಮಹಿಳೆಗೆ ಹಣ ಎತ್ತಲಾಗದು, ಮಹಿಳೆ ಗೆಲ್ಲಲಾರಳು ಎಂಬ ಮಾತುಗಳನ್ನು ಮೊಲಿನಾ ಕೇಳಿಸಿಕೊಂಡರು, ಕೇಳಿಯೂ ನಿಂತರು, ಪಕ್ಷದೊಳಗಿನ ಚುನಾವಣೆಯಲ್ಲಿ ಪೊಲಾಂಕೊ ಅವರನ್ನು ಸೋಲಿಸಿದರು. ಆ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಲ್ಯಾಟಿನಾ ಆದದ್ದು ಹೀಗೆ. ಅಲ್ಲಿದ್ದಾಗ ಅವರು ಹಿಡಿದ ದೊಡ್ಡ ಜಗಳ ಜೈಲಿನದ್ದು: ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್ ಪೂರ್ವ ಭಾಗದ ಬಾಯ್ಲ್ ಹೈಟ್ಸ್ ಪಕ್ಕದಲ್ಲಿ ರಾಜ್ಯದ ಜೈಲು ಕಟ್ಟಲು ಹೊರಟಾಗ ಮೊಲಿನಾ ವಿರೋಧಿಸಿದರು, ಚರ್ಚಿನ ಅಂಗಳದಲ್ಲಿ ಸೇರಿದ ಗೃಹಿಣಿಯರು ‘ಪೂರ್ವ ಲಾಸ್ ಏಂಜಲೀಸ್‌ನ ತಾಯಂದಿರು’ ಎಂಬ ಸಂಘಟನೆ ಕಟ್ಟಿ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಮೆರವಣಿಗೆ ಹೊರಟರು. ಆ ಜೈಲನ್ನು ಕಡೆಗೂ ಕಟ್ಟಲಾಗಲಿಲ್ಲ. 1992ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

1987ರಲ್ಲಿ ಸಿಟಿ ಕೌನ್ಸಿಲ್. ಅಲ್ಲೂ ಗಡಿಯ ಕಥೆಯೇ: ರಾಯ್ಬಾಲ್ 1962ರಲ್ಲಿ ಕಾಂಗ್ರೆಸ್‌ಗೆ ಆಯ್ಕೆಯಾಗಿ ಹೊರಟ ಮೇಲೆ 1985ರವರೆಗೆ ಕೌನ್ಸಿಲ್‌ನಲ್ಲಿ ಒಬ್ಬ ಲ್ಯಾಟಿನೊ ಸದಸ್ಯನೂ ಇರಲಿಲ್ಲ, ನ್ಯಾಯ ಇಲಾಖೆ ನಗರದ ಮೇಲೆ ದಾವೆ ಹೂಡಿದ್ದರಿಂದ ಹೊಸ ಕ್ಷೇತ್ರ ರಚನೆಯಾಯಿತು, ಆ ಕ್ಷೇತ್ರದಿಂದ ಮೊಲಿನಾ ಗೆದ್ದರು. ಅವರು ಗೆದ್ದ ಮೂರರಲ್ಲಿ ಎರಡು ಮೆಟ್ಟಿಲುಗಳು ಮೊಕದ್ದಮೆಗಳಿಂದ ಎದ್ದವು ಎಂಬುದನ್ನು ಗಮನಿಸಿ. ಹೀಗೆಂದರೆ ಅವರ ಸಾಧನೆ ಕಡಿಮೆಯಾಗುವುದಿಲ್ಲ. ಬಾಗಿಲು ತೆರೆಸಿದವರು ವಕೀಲರು, ಮತದಾರರು, ಸಾಕ್ಷಿ ನುಡಿದವರು, 1958ರಲ್ಲಿ ಸೋತ ರಾಯ್ಬಾಲ್. ತೆರೆದ ಬಾಗಿಲಿನೊಳಗೆ ಹೋಗಿ ಮಾಡಿದ್ದೇನು ಎಂಬ ಪ್ರಶ್ನೆಗೆ ಮಾತ್ರ ಮೊಲಿನಾ ಒಬ್ಬರೇ ಉತ್ತರಿಸಬೇಕಾಗಿತ್ತು.

ಆ ಉತ್ತರದಲ್ಲಿ ನನ್ನ ದೃಷ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆ. 1970ರ ದಶಕದಲ್ಲಿ ಯಾವ ಆಸ್ಪತ್ರೆಯ ವಿರುದ್ಧ ದನಿ ಎತ್ತಿದ ಸಂಘಟನೆಯ ಮುಂದಾಳಾಗಿದ್ದರೋ, 1991ರಲ್ಲಿ ಅದೇ ಆಸ್ಪತ್ರೆಯನ್ನು ಆಳುವ ಐವರಲ್ಲಿ ಒಬ್ಬರಾಗಿ ಅವರು ಕುಳಿತರು. ಸೇಡು ತೀರಿಸಿಕೊಳ್ಳುವ ಮನಸ್ಸಿದ್ದವರು ಅದನ್ನು ಕುಸಿಯಲು ಬಿಡುತ್ತಿದ್ದರೇನೋ, ಇವರು ಅದನ್ನು ಉಳಿಸಿಕೊಳ್ಳಲು ಹೆಣಗಿದರು. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಅದರ ಹಳೆಯ ಕಟ್ಟಡಗಳಿಗೆ ಹಾನಿಯಾಯಿತು. ಮರುವರ್ಷ ಕೌಂಟಿ ದಿವಾಳಿಯ ಅಂಚಿಗೆ ಬಂದಾಗ, ಖರ್ಚು ತಗ್ಗಿಸಲು ಈ ಆಸ್ಪತ್ರೆಯನ್ನೇ ಮುಚ್ಚುವ ಪ್ರಸ್ತಾಪ ಕೌಂಟಿಯ ಮುಖ್ಯ ಆಡಳಿತಾಧಿಕಾರಿಯಿಂದ ಬಂತು. ವಿಮೆಯಿಲ್ಲದ ಬಡವರಿಗೆ ಕಡೆಯ ಆಸರೆಯಾಗಿದ್ದ ಜಾಗ ಅದು. ಅಧ್ಯಕ್ಷ ಬಿಲ್ ಕ್ಲಿಂಟನ್ 1995ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ 36.4 ಕೋಟಿ ಡಾಲರ್‌ಗಳ ಫೆಡರಲ್ ನೆರವಿನಿಂದ ಕೌಂಟಿಯ ಆರೋಗ್ಯ ವ್ಯವಸ್ಥೆ ಉಸಿರಾಡಿಕೊಂಡಿತು.

ಆಮೇಲೆ ಹೊಸ ಕಟ್ಟಡದಲ್ಲಿ ಎಷ್ಟು ಹಾಸಿಗೆ ಇರಬೇಕು ಎಂಬ ವಾದ ಎದ್ದಿತು. ಕನಿಷ್ಠ 750 ಬೇಕು ಎಂದು ಮೊಲಿನಾ ಪಟ್ಟು ಹಿಡಿದರು. ಹೊರರೋಗಿ ಚಿಕಿತ್ಸೆ ಹೆಚ್ಚುತ್ತಿರುವಾಗ ಅಷ್ಟು ದೊಡ್ಡ ಕಟ್ಟಡವನ್ನು ನಡೆಸುವ ಹಣ ಕೌಂಟಿಯಲ್ಲಿ ಇಲ್ಲ ಎಂಬುದು ಬಹುಮತದ ವಾದ. ಅದು ಹುರುಳಿಲ್ಲದ ವಾದವೂ ಅಲ್ಲ. 1997ರಲ್ಲಿ ಮಂಡಳಿ 600 ಹಾಸಿಗೆಗೆ ಮತ ಹಾಕಿತು, ಮೊಲಿನಾ ಸೋತರು. 2008ರ ನವೆಂಬರ್‌ನಲ್ಲಿ ತೆರೆದ ಕಟ್ಟಡದಲ್ಲಿ 600 ಹಾಸಿಗೆಗಳೇ ಇದ್ದವು. ಗೌರವಾರ್ಪಣೆಯ ಭಾಷಣಗಳಲ್ಲಿ ಸೋಲುಗಳನ್ನು ಹೇಳುವುದಿಲ್ಲ, ಆದರೆ ಈ ಸೋಲನ್ನು ಹೇಳುವಂತೆ ನಿಮ್ಮ ಮಗಳಿಗೆ ನಾನು ಸಲಹೆ ಕೊಡುತ್ತೇನೆ. ಸ್ಥಳೀಯ ಆಡಳಿತದಲ್ಲಿ ದಶಕಗಟ್ಟಲೆ ಇದ್ದವರ ಕೆಲಸದ ಬಹುಪಾಲು ಇಂಥ ಅಂಕಿಗಳ ಜಗ್ಗಾಟವೇ, 600 ಅಥವಾ 750. ಆ ಅಂತರದ 150 ಹಾಸಿಗೆಗಳ ಮೇಲೆ ಯಾರೋ ಒಬ್ಬರು ಮಲಗುತ್ತಿದ್ದರು ಅಥವಾ ಮಲಗುತ್ತಿರಲಿಲ್ಲ. ಇದೇ ಆಸ್ಪತ್ರೆಯಲ್ಲಿ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳಿಗಾಗಿ ಕೌಂಟಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 2018ರಲ್ಲಿ, ಮೊಲಿನಾ ಅವರ ಸ್ಥಾನಕ್ಕೆ ಬಂದ ಹಿಲ್ಡಾ ಸೊಲಿಸ್ ಅವರ ಮುಂದಾಳತ್ವದಲ್ಲಿ. ಮೊಕದ್ದಮೆ ಹೂಡಿದ ಮೇಲೆ ಕ್ಷಮೆಯವರೆಗೆ ನಲವತ್ಮೂರು ವರ್ಷಗಳು ಹಿಡಿದವು.

ಉಳಿದಂತೆ, 2009ರ ನವೆಂಬರ್‌ನಲ್ಲಿ ಆರಂಭವಾದ ಪೂರ್ವ ಭಾಗದ ಲಘು ರೈಲು ಮಾರ್ಗದ ಹಿಂದೆ ಅವರ ಒತ್ತಾಯ ಬಹಳವಿತ್ತು. ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆ ಮೊದಲಾದ ಸೇವೆಗಳನ್ನು ನಿಲ್ಲಿಸಬೇಕೆಂದ 1994ರ 187ನೇ ಪ್ರಸ್ತಾವವನ್ನು ಅವರು ವಿರೋಧಿಸಿದರು. ಅದು ಮತದಾರರ ಬಹುಮತದಿಂದ ಅಂಗೀಕಾರವಾಯಿತು, ಆಮೇಲೆ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ನೀವು ಕೇಳಿದ ಉದ್ಯಾನ, ಸಂಗೀತ ಕೇಂದ್ರದಿಂದ ಸಿಟಿ ಹಾಲ್‌ವರೆಗೆ ಇಳಿಜಾರಿನಲ್ಲಿ ಹಬ್ಬಿದ 12 ಎಕರೆಯ ಜಾಗ, 2012ರಲ್ಲಿ ತೆರೆಯಿತು. ಗ್ರ್ಯಾಂಡ್ ಅವೆನ್ಯೂ ಉದ್ದಕ್ಕೂ ಐಷಾರಾಮಿ ಕಟ್ಟಡ ಕಟ್ಟಲು ಬಂದ ಸಂಸ್ಥೆಯಿಂದ ಮುಂಗಡವಾಗಿ ಪಡೆದ ಗುತ್ತಿಗೆ ಹಣವನ್ನು ಸಾರ್ವಜನಿಕ ಉದ್ಯಾನಕ್ಕೆ ತಿರುಗಿಸಿದ ಲೆಕ್ಕಾಚಾರದ ಫಲ ಅದು. ಆ ಗುಲಾಬಿ ಬಣ್ಣದ ಬೆಂಚುಗಳ ಮೇಲೆ ನೀವೂ ಕುಳಿತಿರಬಹುದು.

ತಪ್ಪುಗಳೂ ಇದ್ದವು. ಲಾಸ್ ಏಂಜಲೀಸ್ ನಗರ ಹುಟ್ಟಿದ ಹಳೆಯ ಚೌಕದ ಬಳಿ ಮೆಕ್ಸಿಕನ್ ಅಮೆರಿಕನ್ ಇತಿಹಾಸಕ್ಕಾಗಿ ‘ಲಾ ಪ್ಲಾಸಾ’ ಎಂಬ ಸಂಗ್ರಹಾಲಯ ಕಟ್ಟಿಸುವುದು ಅವರ ಬಹುಕಾಲದ ಕನಸು. ಅದು 2011ರ ಏಪ್ರಿಲ್‌ನಲ್ಲಿ ತೆರೆಯಿತು. ಆದರೆ ಅದರ ತೋಟಕ್ಕಾಗಿ ನೆಲ ಅಗೆಯುವಾಗ ನಗರದ ಮೊದಲ ಸ್ಮಶಾನದ ನೂರಕ್ಕೂ ಹೆಚ್ಚು ಜನರ ಅವಶೇಷಗಳು ಎದ್ದುಬಂದವು. ಅಲ್ಲಿ ಹೂತವರಲ್ಲಿ ಮೂಲನಿವಾಸಿಗಳೂ ಇದ್ದರು. ಅಗೆತ ನಿಲ್ಲಿಸುವುದಕ್ಕೆ ತಡವಾಯಿತು ಎಂದು ಅವರ ವಂಶದವರೂ ಮೂಲನಿವಾಸಿ ಸಮುದಾಯದವರೂ ದೂರಿದರು, ದೂರಿನಲ್ಲಿ ಸತ್ಯವಿತ್ತು. ಮರೆತ ಇತಿಹಾಸವನ್ನು ನೆನಪಿಸಲು ಹೊರಟ ಯೋಜನೆಯೇ ಅದಕ್ಕೂ ಹಿಂದೆ ಮರೆತುಹೋದವರ ಮೇಲೆ ಹಾರೆ ಹಾಕಿತ್ತು. ಅವಶೇಷಗಳನ್ನು ಮುಂದಿನ ವರ್ಷ ಮತ್ತೆ ಮಣ್ಣು ಮಾಡಲಾಯಿತು. ಇನ್ನು ಅವರ ಮಾತಿನ ಹರಿತ ಅಧಿಕಾರಿಗಳನ್ನು ಮಾತ್ರವಲ್ಲ, ಜೊತೆಗಿದ್ದವರನ್ನೂ ನೋಯಿಸುತ್ತಿತ್ತು. ರಾಜಿಗೆ ಬಂದಿದ್ದರೆ ಗೆಲ್ಲಬಹುದಾಗಿದ್ದ ಕೆಲವು ವಿಷಯಗಳಲ್ಲಿ ಅವರು ಒಂಟಿಯಾಗಿ ಸೋತರೆಂಬ ಅಭಿಪ್ರಾಯ ನನ್ನದು. ಅದೇ ಮಾತನ್ನು ಪುರುಷ ರಾಜಕಾರಣಿಯೊಬ್ಬರು ಆಡಿದ್ದರೆ ಜನ ‘ಗಟ್ಟಿಗ’ ಎನ್ನುತ್ತಿದ್ದರು ಎಂಬುದನ್ನೂ ಇಲ್ಲಿಯೇ ಸೇರಿಸಬೇಕು.

ಸೂಪರ್‌ವೈಸರ್ ಸತತ ಮೂರು ಅವಧಿಗಿಂತ ಹೆಚ್ಚು ಇರಬಾರದು ಎಂದು 2002ರಲ್ಲಿ ಮತದಾರರು ಮಿತಿ ಹಾಕಿದ್ದರಿಂದ ಅವರು 2014ರ ಡಿಸೆಂಬರ್‌ನಲ್ಲಿ ಮಂಡಳಿಯಿಂದ ಕೆಳಗಿಳಿದರು. 2015ರಲ್ಲಿ ಮತ್ತೆ ಸಿಟಿ ಕೌನ್ಸಿಲ್‌ಗೆ ಸ್ಪರ್ಧಿಸಿ ಹೊಸೆ ಹುಯಿಸಾರ್ ಎದುರು ಭಾರಿ ಅಂತರದಲ್ಲಿ ಸೋತರು. ಆ ಹುಯಿಸಾರ್ ಮುಂದೆ ಲಂಚದ ಹಗರಣದಲ್ಲಿ ತಪ್ಪೊಪ್ಪಿಕೊಂಡು 2024ರಲ್ಲಿ 13 ವರ್ಷಗಳ ಜೈಲು ಶಿಕ್ಷೆಗೆ ಗುರಿಯಾದರು. ಕೊನೆಯ ವರ್ಷಗಳಲ್ಲಿ ಮೊಲಿನಾ ಹೆಚ್ಚು ಸಮಯ ಕೊಟ್ಟದ್ದು ಕೌದಿ ಹೊಲಿಯುವುದಕ್ಕೆ. ಪೂರ್ವ ಲಾಸ್ ಏಂಜಲೀಸ್‌ನ ಹೆಂಗಸರನ್ನು ಸೇರಿಸಿ ಅದಕ್ಕೊಂದು ಬಳಗವನ್ನೇ ಕಟ್ಟಿದ್ದರು. ಹಳೆಯ ಸೀರೆ, ಪಂಚೆಗಳ ತುಂಡು ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರನ್ನು ನೋಡಿ ಬೆಳೆದ ನಮಗೆ ಈ ವಿವರ ಬೇರೆಯೇ ರೀತಿಯಲ್ಲಿ ಹತ್ತಿರವಾಗುತ್ತದೆ, ನಿಮ್ಮ ಮಗಳು ಬೇಕಾದರೆ ಅದನ್ನೂ ಹೇಳಲಿ.

2023ರ ಮಾರ್ಚ್‌ನಲ್ಲಿ ತಮಗೆ ಗುಣವಾಗದ ಕ್ಯಾನ್ಸರ್ ಇದೆಯೆಂದು ಮೊಲಿನಾ ತಾವೇ ಪ್ರಕಟಿಸಿದರು. ಅವರು ಬದುಕಿರುವಾಗಲೇ ಉದ್ಯಾನಕ್ಕೆ ಅವರ ಹೆಸರಿಡಲು ಮಂಡಳಿ ನಿರ್ಧರಿಸಿತು. ಮೇ 14ರಂದು, 75 ತುಂಬಲು ಎರಡು ವಾರವಷ್ಟೇ ಬಾಕಿಯಿದ್ದಾಗ, ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಹೆಸರಿಡಲು ಕೈಯೆತ್ತಿದ ಐವರು ಸೂಪರ್‌ವೈಸರ್‌ಗಳೂ ಮಹಿಳೆಯರು. ಒಬ್ಬ ಮಹಿಳೆಯನ್ನೂ ಆಯ್ಕೆ ಮಾಡಿರದಿದ್ದ ಆ ಮಂಡಳಿ ಪೂರ್ತಿಯಾಗಿ ಮಹಿಳೆಯರದ್ದಾದದ್ದು 2020ರ ಚುನಾವಣೆಯಲ್ಲಿ, ಮೊಲಿನಾ ಗೆದ್ದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ. ಐವರ ಈ ಮಂಡಳಿಯನ್ನು ಒಂಬತ್ತಕ್ಕೆ ಹಿಗ್ಗಿಸಬೇಕೆಂಬ ಪ್ರಸ್ತಾವಕ್ಕೂ 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿಗೆ ನೀಡಿದ್ದಾರೆ.

ಪದಗಳ ವಿಷಯ. ‘ಹಿಸ್ಪ್ಯಾನಿಕ್’ ಎಂಬುದು ಸ್ಪ್ಯಾನಿಷ್ ಭಾಷೆಯ ಮೂಲವನ್ನು ಸೂಚಿಸುವ ಪದ. 1970ರ ದಶಕದಲ್ಲಿ ಸರ್ಕಾರಿ ಬಳಕೆಗೆ ಬಂದು 1980ರ ಜನಗಣತಿಯಿಂದ ದೇಶದಾದ್ಯಂತ ಹರಡಿತು. ‘ಲ್ಯಾಟಿನೊ’, ಹೆಣ್ಣಾದರೆ ‘ಲ್ಯಾಟಿನಾ’, ಲ್ಯಾಟಿನ್ ಅಮೆರಿಕದ ಮೂಲವನ್ನು ಸೂಚಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಜನ ಇದನ್ನೇ ಬಳಸುತ್ತಾರೆ. ‘ಚಿಕಾನಾ’ ಎನ್ನುವುದು ಮೆಕ್ಸಿಕನ್ ಅಮೆರಿಕನ್ ಮಹಿಳೆ ತನ್ನ ರಾಜಕೀಯ ನಿಲುವನ್ನೂ ಸೇರಿಸಿ ತಾನೇ ಆರಿಸಿಕೊಳ್ಳುವ ಗುರುತು. ಮೊದಲನೆಯದು ಅರ್ಜಿಯ ಕಾಗದದಲ್ಲಿ ಇನ್ನೊಬ್ಬರು ಕೊಟ್ಟ ಹೆಸರು, ಕೊನೆಯದು ಬೀದಿಯಲ್ಲಿ ತಾವೇ ಇಟ್ಟುಕೊಂಡ ಹೆಸರು. ಮೊಲಿನಾ ತಮ್ಮನ್ನು ಚಿಕಾನಾ ಎಂದು ಕರೆದುಕೊಳ್ಳುತ್ತಿದ್ದರು. ಶಾಲೆಯ ಕಾರ್ಯಕ್ರಮದ ಹೆಸರು ಏನೇ ಇರಲಿ, ಅವರ ಬಗ್ಗೆ ಮಾತನಾಡುವಾಗ ‘ಚಿಕಾನಾ’ ಅಥವಾ ‘ಲ್ಯಾಟಿನಾ’ ಎನ್ನುವುದು ಸೂಕ್ತ.

ಭಾಷಣಕ್ಕೆ ಮುನ್ನ ಸಾಧ್ಯವಾದರೆ ಮಗಳನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿ. ಅದರ ಪಕ್ಕದಲ್ಲಿಯೇ ಕೌಂಟಿಯ ಆಡಳಿತ ಭವನವಿದೆ, ಅದಕ್ಕೆ ಕೆನೆತ್ ಹಾನ್ ಅವರ ಹೆಸರಿದೆ. 1952ರಿಂದ 1992ರವರೆಗೆ ಅವರು ಸೂಪರ್‌ವೈಸರ್ ಆಗಿದ್ದರು. ಕರಿಯರ ಹಕ್ಕುಗಳ ಪರವಾಗಿ ನಿಂತವರು, 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಲಾಸ್ ಏಂಜಲೀಸ್‌ಗೆ ಬಂದಾಗ ಮುಂದೆ ಬಂದು ಸ್ವಾಗತಿಸಿದ ಬಿಳಿಯ ಜನಪ್ರತಿನಿಧಿ. ನ್ಯಾಯಾಲಯ ತಪ್ಪೆಂದು ಹೇಳಿದ ಗಡಿಗಳನ್ನು 1959ರಲ್ಲೂ 1981ರಲ್ಲೂ ಬರೆದ ಮಂಡಳಿಯಲ್ಲಿ ಅವರೂ ಇದ್ದರು. ಈಗ ಆ ಕಟ್ಟಡದ ಮೇಲೆ ಅವರ ಹೆಸರು, ಹೊರಗಿನ ಹುಲ್ಲಿನ ಮೇಲೆ ಮೊಲಿನಾ ಅವರ ಹೆಸರು. ಮಂಡಳಿಯ ಸಭೆಗಳು ಸಾಮಾನ್ಯವಾಗಿ ಮಂಗಳವಾರ ನಡೆಯುತ್ತವೆ, ಸಾರ್ವಜನಿಕರು ಒಳಗೆ ಹೋಗಿ ಕೂರಬಹುದು, ತಮ್ಮ ಸರದಿ ಬಂದಾಗ ಮಾತನಾಡಲೂಬಹುದು. ದಿನಾಂಕವನ್ನು ಮೊದಲೇ ನೋಡಿಕೊಂಡು ಹೊರಡಿ. ಒಂದು ಗಂಟೆ ಕುಳಿತರೆ ರಸ್ತೆ, ಗುತ್ತಿಗೆ, ಹಾಸಿಗೆಗಳ ಸಂಖ್ಯೆ, ಇಂಥವೇ ಮಾತುಗಳು ಕೇಳಿಸುತ್ತವೆ. ಮಗಳಿಗೆ ಬೇಸರವಾದರೆ ಹೊರಗೆ ಕರೆತಂದು ಕಾರಂಜಿಯ ಬಳಿ ಆಡಲು ಬಿಡಿ.